ಬಣ್ಣ ಹಾಕದೆ, ಕೊಲ್ಲದೆ ಲಿವರ್ ಕೋಶಗಳನ್ನು ನೋಡಿದ ಅನುಭವ

ಔಷಧ ಹುಡುಕುವ ಕೆಲಸದಲ್ಲಿ ನನ್ನ ಪಾಲಿಗೆ ಬಂದಿರುವುದು ಲಿವರ್ ಕೋಶಗಳು. ರಸಾಯನ ವಿಭಾಗದವರು ಹೊಸ ಸಂಯುಕ್ತ ಮಾಡಿ ಕೊಡುತ್ತಾರೆ, ಅದು ಲಿವರ್‌ಗೆ ಪೆಟ್ಟು ಕೊಡುತ್ತದೆಯೇ ಎಂದು ನಾವು ಮುಂಚೆಯೇ ನೋಡಿ ಹೇಳಬೇಕು. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದ ಔಷಧಗಳಲ್ಲೂ ಹತ್ತಕ್ಕೆ ಸುಮಾರು ಒಂಬತ್ತು ಮಾರುಕಟ್ಟೆ ತಲುಪುವುದಿಲ್ಲ. ಹಾಗೆ ನಿಂತುಹೋಗಲು ಲಿವರ್‌ಗೆ ಆಗುವ ಹಾನಿ ಒಂದು ದೊಡ್ಡ ಕಾರಣ. ನಾವು ತಪ್ಪು ಹೇಳಿದರೆ ಅದರ ಬೆಲೆ ಕೊನೆಗೆ ತೆರುವವರು ರೋಗಿಗಳು.

ನಾವು ಬಹಳ ಕಾಲ ಮಾಡಿಕೊಂಡು ಬಂದ ಕ್ರಮ ಸರಳ. ಪ್ಲೇಟಿನಲ್ಲಿ ಕೋಶ ಬೆಳೆಸುವುದು, ಸಂಯುಕ್ತ ಹಾಕುವುದು, 24 ಅಥವಾ 48 ಗಂಟೆ ಬಿಟ್ಟು ಕೋಶಕ್ಕೆ ಶಕ್ತಿ ಕೊಡುವ ಅಣು ಎಟಿಪಿ ಎಷ್ಟು ಉಳಿದಿದೆ ಎಂದು ಅಳೆಯುವುದು. ಎಟಿಪಿ ಇಳಿದಿದ್ದರೆ ಕೋಶ ಸತ್ತಿದೆ ಅಥವಾ ಸಾಯುತ್ತಿದೆ. ಇನ್ನೂ ವಿವರ ಬೇಕಿದ್ದರೆ ಬೇರೆ ಪ್ಲೇಟನ್ನು ಫಿಕ್ಸ್ ಮಾಡಿ, ಅಂದರೆ ಕೋಶಗಳನ್ನು ರಾಸಾಯನಿಕದಿಂದ ಕೊಂದು ಇದ್ದ ಹಾಗೇ ನಿಲ್ಲಿಸಿ, ನ್ಯೂಕ್ಲಿಯಸ್‌ಗೆ ಒಂದು ಬಣ್ಣ, ಕೊಬ್ಬಿಗೆ ಒಂದು ಬಣ್ಣ ಹಾಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆಯುತ್ತಿದ್ದೆವು. ಚಿತ್ರಗಳು ಚೆನ್ನಾಗಿಯೇ ಬರುತ್ತಿದ್ದವು. ಆದರೆ 24 ಗಂಟೆಯ ಪ್ಲೇಟಿನಲ್ಲಿರುವ ಕೋಶಗಳೇ ಬೇರೆ, 48 ಗಂಟೆಯ ಪ್ಲೇಟಿನಲ್ಲಿರುವವೇ ಬೇರೆ, ಅಲ್ವಾ? ನಡುವೆ ಏನಾಯಿತು ಎಂಬುದನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದೆವು. ಕೋಶ ಸತ್ತಿದೆ ಎಂದು ಗೊತ್ತಾಗುತ್ತಿತ್ತು. ಹೇಗೆ ಸತ್ತಿತು, ಮೊದಲು ಕೆಟ್ಟದ್ದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಜೀವಂತ ಕೋಶಕ್ಕೇ ಬಣ್ಣ ಹಾಕಿ ನೋಡಬಹುದು, ನಾವೂ ನೋಡಿದ್ದೇವೆ. ಜೆಲ್ಲಿಫಿಶ್‌ನಿಂದ ಬಂದ ಹಸಿರು ಪ್ರೋಟೀನ್ ಜಿಎಫ್‌ಪಿ ಜೀವಶಾಸ್ತ್ರವನ್ನೇ ಬದಲಿಸಿತು, 2008ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಆ ದಾರಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಔಷಧದ ವಿಷ ಅಳೆಯುವವರಿಗೆ ಬಣ್ಣ ಎಂದರೆ ಕೋಶಕ್ಕೆ ಹಾಕಿದ ಎರಡನೇ ಔಷಧ. ನ್ಯೂಕ್ಲಿಯಸ್ ತೋರಿಸುವ ಹೋಕ್ಸ್ಟ್ ಬಣ್ಣ ಡಿಎನ್‌ಎಗೇ ಹೋಗಿ ಅಂಟಿಕೊಳ್ಳುತ್ತದೆ, ಅದನ್ನು ಹೊಳೆಸಲು ನೇರಳಾತೀತಕ್ಕೆ ಹತ್ತಿರದ ಬೆಳಕು ಬೇಕು, ಆ ಬೆಳಕನ್ನು ಮತ್ತೆ ಮತ್ತೆ ಬಿಟ್ಟರೆ ಔಷಧ ಇಲ್ಲದೆಯೂ ಕೋಶ ನರಳುತ್ತದೆ. ಕೋಶದ ಕಸ ಅರಗಿಸುವ ಚೀಲ ಲೈಸೊಸೋಮ್ ತೋರಿಸುವ ಬಣ್ಣಗಳು ದುರ್ಬಲ ಪ್ರತ್ಯಾಮ್ಲಗಳು, ಲೈಸೊಸೋಮಿನ ಆಮ್ಲದೊಳಗೆ ಸಿಕ್ಕಿಕೊಂಡು ನಿಲ್ಲುವುದೇ ಅವುಗಳ ಕೆಲಸ. ಲಿವರ್‌ಗೆ ತೊಂದರೆ ಕೊಡುವ ಎಷ್ಟೋ ಔಷಧಗಳೂ ಅದೇ ಜಾತಿಯವು, ಅದೇ ಜಾಗಕ್ಕೆ ಹೋಗಿ ಸೇರುತ್ತವೆ. ಇನ್ನು ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ತಾನೇ ಕೆಂಪಗೆ ಹೊಳೆಯುತ್ತದೆ, ಅದರ ಪಕ್ಕದಲ್ಲಿ ಕೆಂಪು ಬಣ್ಣ ಬಳಸಿದರೆ ಯಾವ ಹೊಳಪು ಯಾರದ್ದು ಎಂದು ಬಿಡಿಸುವುದು ಕಷ್ಟ.

ಹೀಗಾಗಿ ಬಣ್ಣವೇ ಬೇಡದ 3ಡಿ ಇಮೇಜಿಂಗ್ ಯಂತ್ರ ನಮ್ಮ ಲ್ಯಾಬಿಗೆ ಬಂದಾಗ ಅದರ ಜವಾಬ್ದಾರಿ ನಾನೇ ಕೇಳಿ ತೆಗೆದುಕೊಂಡೆ. ಹೋಲೋಟೊಮೊಗ್ರಫಿ ಎಂದು ಕರೆಯುತ್ತಾರೆ.

ಇದರ ಮೂಲ ವಿಚಾರ ಹಳೆಯದು. ಜೀವಂತ ಕೋಶ ನೀರಿನಲ್ಲಿ ಮುಳುಗಿದ ಗಾಜಿನ ಗೋಲಿಯ ಹಾಗೆ, ಬೆಳಕನ್ನು ಹೀರುವುದಿಲ್ಲ, ಆದ್ದರಿಂದ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಂಡೂ ಕಾಣದ ಹಾಗಿರುತ್ತದೆ. ಆದರೆ ಒಳಗೆ ಹೋದ ಬೆಳಕು ಸ್ವಲ್ಪ ನಿಧಾನ ಆಗುತ್ತದೆ. ಆ ನಿಧಾನವನ್ನು ಕಣ್ಣಿಗೆ ಕಾಣುವ ಕಪ್ಪು ಬಿಳುಪಾಗಿ ಮಾಡಿದವರು ಫ್ರಿಟ್ಸ್ ಜೆರ್ನಿಕೆ, ಅದಕ್ಕೆ 1953ರಲ್ಲಿ ನೊಬೆಲ್ ಬಂತು. ಎಲ್ಲ ಕೋಶ ಬೆಳೆಸುವ ಲ್ಯಾಬುಗಳಲ್ಲೂ ಇವತ್ತಿಗೂ ಅವರ ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪ್ ಇದ್ದೇ ಇರುತ್ತದೆ. ಅದು ತೋರಿಸುತ್ತದೆ, ಅಳತೆ ಕೊಡುವುದಿಲ್ಲ. ಡೆನಿಸ್ ಗಾಬೋರ್ 1948ರಲ್ಲಿ ಹೋಲೋಗ್ರಫಿ ಕಂಡುಹಿಡಿದ ಮೇಲೆ ಬೆಳಕು ಎಷ್ಟು ನಿಧಾನವಾಯಿತು ಎಂದು ಸಂಖ್ಯೆಯಲ್ಲಿ ಹಿಡಿಯಲು ದಾರಿ ಆಯಿತು. 1969ರಲ್ಲಿ ಎಮಿಲ್ ವುಲ್ಫ್ ಇನ್ನೂ ಒಂದು ಹೆಜ್ಜೆ ಹೋಗಿ, ಬೇರೆ ಬೇರೆ ಕೋನಗಳಿಂದ ಹೋಲೋಗ್ರಾಂ ತೆಗೆದರೆ ಪಾರದರ್ಶಕ ವಸ್ತುವಿನ ಒಳಗಿನ ಮೂರು ಆಯಾಮದ ರಚನೆಯನ್ನು ಲೆಕ್ಕ ಹಾಕಿ ತೆಗೆಯಬಹುದು ಎಂದು ತೋರಿಸಿದರು. ಆಸ್ಪತ್ರೆಯ ಸಿಟಿ ಸ್ಕ್ಯಾನಿನ ವಿಚಾರವೇ, ಆದರೆ ಎಕ್ಸ್‌ರೇ ಬದಲು ಕಣ್ಣಿಗೆ ಕಾಣುವ ಬೆಳಕು. ಈ ಬೆಳಕು ಕೋಶದೊಳಗೆ ನೇರ ಗೆರೆಯಲ್ಲಿ ಹೋಗದೆ ಹರಡುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕೊನೆಗೆ ಸಿಗುವುದು ಕೋಶದ ಪ್ರತಿ ಬಿಂದುವಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕು ಅಲ್ಲಿ ಎಷ್ಟು ನಿಧಾನವಾಗುತ್ತದೆ ಎಂಬ ಸಂಖ್ಯೆ. ನೀರಿಗೆ 1.333. ಕೋಶ ಬೆಳೆಸುವ ಮೀಡಿಯಂ ಅದಕ್ಕಿಂತ ಸ್ವಲ್ಪ ಮೇಲೆ. ಸೈಟೋಪ್ಲಾಸಂ 1.36ರಿಂದ 1.38ರ ಆಸುಪಾಸು. ಕೊಬ್ಬಿನ ಹನಿಗಳು 1.4 ದಾಟಿ ಎದ್ದು ಕಾಣುತ್ತವೆ.

ಈ ಸಂಖ್ಯೆಗಳ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಪ್ರೋಟೀನಿನ ಸಾಂದ್ರತೆ ಹೆಚ್ಚಿದಂತೆ ಸೂಚ್ಯಂಕವೂ ಒಂದೇ ಲೆಕ್ಕದಲ್ಲಿ ಏರುತ್ತದೆ, 100 ಮಿಲಿಲೀಟರಿನಲ್ಲಿ 1 ಗ್ರಾಂ ಜಾಸ್ತಿಯಾದರೆ ಸುಮಾರು 0.0019. ಅಂದರೆ ಕೋಶದಲ್ಲಿ ನೀರು ಬಿಟ್ಟು ಉಳಿದದ್ದು ಎಷ್ಟು, ಅದರ ಒಣ ತೂಕ ಎಷ್ಟು ಎಂದು ಮುಟ್ಟದೆಯೇ ಹೇಳಬಹುದು. 1952ರಲ್ಲೇ ಬಾರರ್ ಒಂದು ಕಡೆ, ಡೇವಿಸ್ ಮತ್ತು ವಿಲ್ಕಿನ್ಸ್ ಇನ್ನೊಂದು ಕಡೆ ಇದನ್ನು ತೋರಿಸಿದ್ದರು. ಆ ವಿಲ್ಕಿನ್ಸ್ ಬೇರೆ ಯಾರೂ ಅಲ್ಲ, ಮುಂದೆ ಡಿಎನ್‌ಎ ರಚನೆಗೆ ನೊಬೆಲ್ ಹಂಚಿಕೊಂಡ ಮಾರಿಸ್ ವಿಲ್ಕಿನ್ಸ್.

ಇಷ್ಟು ಓದಿಕೊಂಡು ಯಂತ್ರದ ಮುಂದೆ ಕೂತರೆ ಅಲ್ಲಿ ಬೇರೆಯದೇ ಪಾಠಗಳು. ಕೋಶ ಬೆಳೆಸುವ ಮಾಮೂಲಿ ಪ್ಲಾಸ್ಟಿಕ್ ಪ್ಲೇಟ್ ಇದಕ್ಕೆ ಸರಿಹೋಗುವುದಿಲ್ಲ, ತಳ 0.17 ಮಿಲಿಮೀಟರ್ ದಪ್ಪದ ಗಾಜಿನದಾಗಿರಬೇಕು. ಬೆಳಕು ಮೇಲಿನಿಂದ ಓರೆಯಾಗಿ ಬರುವುದರಿಂದ ಮೀಡಿಯಂನ ಮೇಲ್ಮೈ ಕೂಡ ಲೆನ್ಸಿನ ಹಾಗೆ ವರ್ತಿಸುತ್ತದೆ. 96 ವೆಲ್ಲಿನ, ಅಂದರೆ 96 ಗುಳಿಗಳ, ಪ್ಲೇಟಿನಲ್ಲಿ ಒಂದೊಂದು ವೆಲ್ಲೂ ಸುಮಾರು 6 ಮಿಲಿಮೀಟರ್ ಅಗಲ ಅಷ್ಟೇ, ಮೀಡಿಯಂ ಅಂಚಿನಲ್ಲಿ ಮೇಲಕ್ಕೇರಿ ನಡುವೆ ತಗ್ಗುತ್ತದೆ, ಆ ಬಾಗಿದ ಮೇಲ್ಮೈ ಬೆಳಕಿನ ಕೋನವನ್ನೇ ತಿರುಗಿಸಿಬಿಡುತ್ತದೆ. ನಾವು ವೆಲ್ಲಿನ ನಡುಭಾಗ ಬಿಟ್ಟು ಬೇರೆ ಕಡೆ ಚಿತ್ರ ತೆಗೆಯುವುದನ್ನೇ ನಿಲ್ಲಿಸಿದೆವು, ಎಲ್ಲ ವೆಲ್ಲಿಗೂ ಒಂದೇ ಅಳತೆಯ ಮೀಡಿಯಂ ಹಾಕುವುದನ್ನು ನಿಯಮ ಮಾಡಿಕೊಂಡೆವು. ಅಂಚಿನ ಸಾಲುಗಳಲ್ಲಿ ಮೀಡಿಯಂ ಬೇಗ ಆರುತ್ತದೆ, ಆರಿದಂತೆ ಅದರ ಸೂಚ್ಯಂಕ ಏರುತ್ತದೆ. ಅಲ್ಲಿ ಕೋಶ ಹಾಕದೆ ಬರೀ ನೀರು ತುಂಬಿ ಬಿಟ್ಟೆವು.

ತಾಪಮಾನದ ಕಥೆ ಇನ್ನೂ ಸೂಕ್ಷ್ಮ. ಒಂದು ಡಿಗ್ರಿ ಏರಿದರೆ ನೀರಿನ ಸೂಚ್ಯಂಕ ಸುಮಾರು 0.0001 ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸಂಯುಕ್ತ ಕರಗಿಸಲು ಬಳಸುವ ಡಿಎಂಎಸ್ಒ ದ್ರಾವಕವನ್ನು 0.1 ಶೇಕಡಾ ಬೆರೆಸಿದರೂ ಸರಿಸುಮಾರು ಅಷ್ಟೇ ವ್ಯತ್ಯಾಸ ಬರುತ್ತದೆ. ಹಾಗಾಗಿ ಔಷಧ ಇಲ್ಲದ ಕಂಟ್ರೋಲ್ ವೆಲ್ಲಿಗೂ ಅಷ್ಟೇ ಡಿಎಂಎಸ್ಒ ಹಾಕಬೇಕು. 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯೊಳಗೆ ಪ್ಲೇಟ್ ಇಟ್ಟು, ಎಲ್ಲ ಒಂದು ಹದಕ್ಕೆ ಬರುವವರೆಗೆ ಕಾಯಬೇಕು. ಕಾಯದೆ ಶುರು ಮಾಡಿದರೆ ಫೋಕಸ್ ಜಾರುತ್ತಾ ಹೋಗುತ್ತದೆ. ಬೆಳಕು ಮಂದವೇ, ಆದರೂ ಪ್ರತಿ ಪ್ಲೇಟಿನಲ್ಲಿ ಕೆಲವು ವೆಲ್‌ಗಳಿಗೆ ಬೆಳಕೇ ಬಿಡದೆ ಇಟ್ಟು, ಕೊನೆಯಲ್ಲಿ ಅವುಗಳ ಎಟಿಪಿ ಜೊತೆ ಹೋಲಿಸುತ್ತೇವೆ. ಬಣ್ಣ ಇಲ್ಲ ಎಂದ ಮಾತ್ರಕ್ಕೆ ಕೋಶಕ್ಕೆ ಏನೂ ಆಗಿಲ್ಲ ಎಂದು ಬಾಯಿಮಾತಲ್ಲಿ ಹೇಳುವುದು ನನಗೆ ಒಪ್ಪಿಗೆ ಇಲ್ಲ, ಅಳೆದೇ ಹೇಳಬೇಕು.

ಮೊದಲ ಸಲ ಚೆನ್ನಾಗಿ ಬಂದ ಹೆಪ್-ಜಿ2 ಕೋಶದ (ಲ್ಯಾಬಿನಲ್ಲಿ ಬೆಳೆಸುವ ಲಿವರ್ ಕ್ಯಾನ್ಸರ್ ಕೋಶ) ಚಿತ್ರವನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ. ಪೊರೆಯ ಅಂಚಿನ ಸಣ್ಣ ಬೆರಳುಗಳು, ತೆಳ್ಳಗಿನ ಜಾಗದಲ್ಲಿ ದಾರದಂಥ ಮೈಟೊಕಾಂಡ್ರಿಯ, ಹೊಳೆಯುವ ಕೊಬ್ಬಿನ ಹನಿಗಳು. ನ್ಯೂಕ್ಲಿಯಸ್ ಮಾತ್ರ ಸುತ್ತಲಿನ ಸೈಟೋಪ್ಲಾಸಂಗಿಂತ ಮಂಕಾಗಿತ್ತು! ಡಿಎನ್‌ಎ ಒತ್ತಿ ತುಂಬಿದ ಜಾಗ ಹೆಚ್ಚು ದಟ್ಟವಾಗಿರಬೇಕು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ, ಆದರೆ ಹಲವು ಬಗೆಯ ಕೋಶಗಳಲ್ಲಿ ಅದರ ಸಾಂದ್ರತೆ ಸೈಟೋಪ್ಲಾಸಂಗಿಂತ ಕಡಿಮೆಯೇ. ಒಳಗಿನ ನ್ಯೂಕ್ಲಿಯೋಲಸ್ ಮಾತ್ರ ಪ್ರಕಾಶವಾಗಿ ಕಾಣುತ್ತದೆ.

ಚಿತ್ರ ನೋಡಿದ ನಮ್ಮ ರಸಾಯನ ವಿಭಾಗದ ಹಿರಿಯರು ಕೇಳಿದ ಪ್ರಶ್ನೆ ನೇರವಾಗಿತ್ತು. "ಮೇಡಂ, ಈ ಹನಿ ಕೊಬ್ಬೇ ಅಂತ ನೀವು ಹೇಗೆ ಹೇಳ್ತೀರಿ? ಬಣ್ಣ ಹಾಕಿಲ್ವಲ್ಲ."

"ಒಂದು ಸಲ ಹಾಕಿ ತೋರಿಸ್ತೀನಿ ಸರ್," ಎಂದೆ. "ಆಮೇಲೆ ಹಾಕಲ್ಲ."

ಹಾಗೇ ಮಾಡಿದೆವು. ಕೋಶಗಳಿಗೆ ಆಲ್ಬುಮಿನ್ ಜೊತೆ ಸೇರಿಸಿದ ಓಲಿಯಿಕ್ ಆಮ್ಲ ಕೊಟ್ಟರೆ ಅವು ಅದನ್ನು ಕೊಬ್ಬಿನ ಹನಿಗಳಾಗಿ ಕೂಡಿಡುತ್ತವೆ. ಹನಿಗಳು ಹುಟ್ಟಿ, ದಪ್ಪವಾಗುವುದನ್ನು ಬಣ್ಣವಿಲ್ಲದೆ ನೋಡಿದೆವು. ಕೊನೆಯಲ್ಲಿ ಅದೇ ಕೋಶಗಳಿಗೆ ಕೊಬ್ಬು ಹಿಡಿಯುವ ಬಾಡಿಪಿ ಬಣ್ಣ ಹಾಕಿ ಅದೇ ಜಾಗದ ಚಿತ್ರ ತೆಗೆದು ಒಂದರ ಮೇಲೊಂದು ಇಟ್ಟೆವು. ದೊಡ್ಡ ಹನಿಗಳೆಲ್ಲ ಚೆನ್ನಾಗಿ ಹೊಂದಿಕೊಂಡವು. ತೀರಾ ಚಿಕ್ಕ ಕಣಗಳಲ್ಲಿ ಹಾಗೆ ಹೇಳಲು ಆಗಲಿಲ್ಲ. ಹೃದಯದ ಬಡಿತ ತಪ್ಪುವುದಕ್ಕೆ ಕೊಡುವ ಅಮಿಯೊಡರೋನ್ ಲೈಸೊಸೋಮುಗಳಲ್ಲಿ ಫಾಸ್ಫೋಲಿಪಿಡ್ ತುಂಬಿಸುತ್ತದೆ, ಕೊಬ್ಬಿನ ಹನಿಗಳನ್ನೂ ಹೆಚ್ಚಿಸಬಲ್ಲದು. ನ್ಯೂಕ್ಲಿಯಸ್ ಸುತ್ತ ಗುಂಪುಗೂಡಿದ ಆ ಪುಟ್ಟ ಹೊಳೆಯುವ ಕಣಗಳಲ್ಲಿ ಲೈಸೊಸೋಮ್ ಯಾವುದು, ಕೊಬ್ಬಿನ ಹನಿ ಯಾವುದು ಎಂದು ಸೂಚ್ಯಂಕ ಒಂದೇ ನೋಡಿ ಹೇಳಲಾಗದು. ಅಲ್ಲಿ ಬಣ್ಣವೋ ಎಲೆಕ್ಟ್ರಾನ್ ಮೈಕ್ರೋಸ್ಕೋಪೋ ಬೇಕೇ ಬೇಕು. ಈ ವಿಧಾನವನ್ನು ಹೊಗಳುವವರು ಇದನ್ನೂ ಜೊತೆಗೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಜವಾದ ಪರೀಕ್ಷೆಯ ವಿಷಯ. ನಮ್ಮ ಹತ್ತಿರ ಎರಡು ಹೊಸ ಸಂಯುಕ್ತಗಳಿದ್ದವು. 48 ಗಂಟೆಯ ಎಟಿಪಿ ಅಳತೆಯಲ್ಲಿ ಎರಡೂ ಒಂದೇ ಥರ, ಫಿಕ್ಸ್ ಮಾಡಿ ಬಣ್ಣ ಹಾಕಿದ ಚಿತ್ರದಲ್ಲೂ ಎರಡು ಕಡೆ ಒಡೆದ ಕೋಶಗಳ ಚೂರುಗಳು. ಕಾಗದದ ಮೇಲೆ ಅವುಗಳನ್ನು ಬೇರೆ ಮಾಡುವ ಗುಣ ಒಂದೂ ಇರಲಿಲ್ಲ. ಎರಡನ್ನೂ ಬಣ್ಣವಿಲ್ಲದೆ, ಅವೇ ಕೋಶಗಳನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಿದೆವು.

ಮೊದಲ ಸಂಯುಕ್ತದಲ್ಲಿ ಕೋಶ ಕುಗ್ಗಿತು. ಗಾತ್ರ ಇಳಿಯಿತು, ಸೂಚ್ಯಂಕ ಏರಿತು, ಒಣ ತೂಕ ಮಾತ್ರ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಅಂದರೆ ಹೊರಗೆ ಹೋದದ್ದು ನೀರು. ಆಮೇಲೆ ಪೊರೆಯಲ್ಲಿ ಗುಳ್ಳೆಗಳೆದ್ದವು, ನ್ಯೂಕ್ಲಿಯಸ್ ತುಂಡಾಯಿತು. ಅಪೊಪ್ಟೋಸಿಸ್, ಅಂದರೆ ಕೋಶ ತಾನೇ ಕ್ರಮವಾಗಿ ಸಾಯುವುದನ್ನು, ಹುಟ್ಟಿಸಲು ಎಲ್ಲರೂ ಬಳಸುವ ಸ್ಟಾರೊಸ್ಪೋರಿನ್ ಹಾಕಿದ ವೆಲ್ಲಿನಲ್ಲೂ ಇದೇ ಕ್ರಮ. ಎರಡನೇ ಸಂಯುಕ್ತದಲ್ಲಿ ಎಲ್ಲ ಉಲ್ಟಾ. ಕೋಶ ಉಬ್ಬಿತು, ಸೂಚ್ಯಂಕ ಇಳಿಯಿತು, ಒಣ ತೂಕ ಆಗಲೂ ಬದಲಾಗಲಿಲ್ಲ, ಅಂದರೆ ನೀರು ಒಳಗೆ ಬರುತ್ತಿತ್ತು. ಆಮೇಲೆ ಒಂದು ಹಂತದಲ್ಲಿ ಒಣ ತೂಕ ದಬಕ್ಕನೆ ಬಿತ್ತು. ಪೊರೆ ಒಡೆದು ಪ್ರೋಟೀನ್ ಹೊರಗೆ ಸೋರಿದ ಗಳಿಗೆ ಅದು. ಅದೇ ಹೊತ್ತಿಗೆ ಬೇರೆ ವೆಲ್‌ಗಳ ಮೀಡಿಯಂನಲ್ಲಿ ಎಲ್‌ಡಿಎಚ್ ಕಿಣ್ವ (ಕೋಶ ಒಡೆದರೆ ಹೊರಗೆ ಬರುವಂಥದು) ಅಳೆದಾಗ ಅಲ್ಲೂ ಏರಿಕೆ ಸಿಕ್ಕಿತು. ಉಬ್ಬುವಿಕೆಯ ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಮೀಡಿಯಂಗೆ ನೀರು ಬೆರೆಸಿ ಕೋಶಗಳನ್ನು ಬೇಕೆಂದೇ ಉಬ್ಬಿಸಿಯೂ ನೋಡಿದೆವು. ನೀರು ಬೆರೆಸಿದಾಗ ಮೀಡಿಯಂನ ಸೂಚ್ಯಂಕವೇ ಇಳಿಯುವುದರಿಂದ, ರಿಫ್ರ್ಯಾಕ್ಟೋಮೀಟರಿನಲ್ಲಿ ಅದನ್ನು ಅಳೆದು ಲೆಕ್ಕಕ್ಕೆ ಕೊಡದಿದ್ದರೆ ಒಣ ತೂಕ ತಪ್ಪಾಗಿ ಬರುತ್ತದೆ.

ಎಟಿಪಿ ಅಳತೆಯಲ್ಲಿ ಎರಡೂ ಒಂದೇ ಥರ ಕಂಡದ್ದು ಯಾಕೆ ಎಂದರೆ, ದೇಹದೊಳಗೆ ಅಪೊಪ್ಟೋಸಿಸ್ ಆದ ಕೋಶವನ್ನು ಬೇರೆ ಕೋಶಗಳು ತಿಂದು ಸ್ವಚ್ಛ ಮಾಡುತ್ತವೆ. ಪ್ಲೇಟಿನಲ್ಲಿ ಹಾಗೆ ತಿನ್ನುವವರು ಯಾರೂ ಇಲ್ಲ. ಕುಗ್ಗಿದ ಕೋಶವೂ ಕಾಲ ಕಳೆದ ಮೇಲೆ ಒಡೆದೇ ಹೋಗುತ್ತದೆ. 48 ಗಂಟೆಗೆ ಬಂದು ನೋಡಿದವರಿಗೆ ಎರಡು ಕಡೆಯೂ ಒಡೆದ ಕೋಶ. ಆದರೆ ಲಿವರ್‌ಗೆ ಈ ಎರಡು ಸಾವುಗಳು ಒಂದೇ ಅಲ್ಲ. ಪೊರೆ ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲಿದರೆ ಸುತ್ತ ಉರಿಯೂತ ಹುಟ್ಟುತ್ತದೆ. ರಸಾಯನ ವಿಭಾಗದವರಿಗೆ ಈ ಎರಡನೇ ಸಂಯುಕ್ತದ ಬಗ್ಗೆ ಮುಂಚೆಯೇ ಎಚ್ಚರ ಕೊಡಲು ಸಾಧ್ಯವಾಯಿತಲ್ಲ, ನನ್ನ ಮಟ್ಟಿಗೆ ಇಡೀ ಕೆಲಸದ ಸಾರ್ಥಕತೆ ಅದೇ.

ಡೋಸ್ ಕಡಿಮೆ ಇದ್ದ ವೆಲ್‌ಗಳಲ್ಲಿ ಇನ್ನೊಂದು ವಿಷಯ ಕಂಡಿತು. ಕೋಶ ಸಾಯಲಿಲ್ಲ, ಆಕಾರವೂ ಕೆಡಲಿಲ್ಲ, ಆದರೆ ಬೆಳೆಯುವುದು ನಿಧಾನವಾಯಿತು. ವಿಭಜನೆಗೆ ಮುಂಚೆ ಕೋಶದ ಒಣ ತೂಕ ಸುಮಾರು ಎರಡರಷ್ಟಾಗಬೇಕು. ಆ ಏರಿಕೆಯ ಗೆರೆ ಬಾಗುವುದು ಎಟಿಪಿ ಇಳಿಯುವುದಕ್ಕಿಂತ ಎಷ್ಟೋ ಮುಂಚೆ ಕಾಣಿಸಿತು. ಹಾಗೇ, ಒಂದು ಸಂಯುಕ್ತದ ಹೆಚ್ಚಿನ ಡೋಸಿನಲ್ಲಿ ಕೋಶಗಳ ಮೇಲೆ ಸೂಜಿಯಂಥ ಹೊಳೆಯುವ ಹರಳುಗಳು ಬಿದ್ದಿದ್ದವು. ಅದು ಮೀಡಿಯಂನಲ್ಲಿ ಕರಗಿಯೇ ಇರಲಿಲ್ಲ. ಎಟಿಪಿ ಅಳತೆ ಮಾತ್ರ ನೋಡಿದ್ದರೆ, ಇಷ್ಟು ಡೋಸಿನಲ್ಲೂ ವಿಷವಿಲ್ಲ ಎಂದು ಬರೆದುಬಿಡುತ್ತಿದ್ದೆವು.

ಮೂರು ಆಯಾಮ ಎಂದರೂ ಮೂರೂ ದಿಕ್ಕಿನಲ್ಲಿ ಒಂದೇ ಸ್ಪಷ್ಟತೆ ಇರುವುದಿಲ್ಲ. ಬೆಳಕು ಬರುವ ಕೋನಗಳಿಗೆ ಮಿತಿ ಇದೆ, ಪಕ್ಕದಿಂದ ಬೆಳಕು ಬಿಡಲು ಆಗುವುದಿಲ್ಲ. ಅದರಿಂದ ಮೇಲೆ-ಕೆಳಗಿನ ದಿಕ್ಕಿನಲ್ಲಿ ಚಿತ್ರ ಎಳೆದ ಹಾಗೆ ಉದ್ದವಾಗುತ್ತದೆ. ಅಳತೆ ಗೊತ್ತಿರುವ ಸಿಲಿಕಾ ಮಣಿಗಳನ್ನು ಇಟ್ಟು ನೋಡಿದರೆ ದುಂಡು ಮಣಿ ಮೊಟ್ಟೆಯಾಕಾರವಾಗಿ ಕಾಣುತ್ತದೆ, ಸೂಚ್ಯಂಕವೂ ಇರುವುದಕ್ಕಿಂತ ಕಡಿಮೆ ಬರುತ್ತದೆ. ಕಳೆದುಹೋದ ಮಾಹಿತಿಯನ್ನು ಲೆಕ್ಕದಿಂದ ತುಂಬುವ ವಿಧಾನಗಳಿವೆ, ಎಲ್ಲವೂ ಏನೋ ಒಂದನ್ನು ಮುಂಚೆಯೇ ಒಪ್ಪಿಕೊಂಡು ಹೊರಡುತ್ತವೆ. ಹಾಗಾಗಿ ಒಂದು ಪ್ಲೇಟಿನ ಎಲ್ಲ ವೆಲ್ಲಿಗೂ ಒಂದೇ ಸೆಟ್ಟಿಂಗ್, ಪ್ರತಿ ಪ್ರಯೋಗದ ಮುಂಚೆ ಮಣಿಗಳ ಚಿತ್ರ. ಇದರಲ್ಲಿ ರಾಜಿ ಇಲ್ಲ.

ಕೋಶಗಳ ಉಂಡೆಯಾದ ಸ್ಫೆರಾಯ್ಡ್, ಅಂಗದ ಪುಟ್ಟ ಮಾದರಿಯಾದ ಆರ್ಗನಾಯ್ಡ್‌ಗಳನ್ನು ಇದರಲ್ಲಿ ನೋಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಸಾಟೊ ಮತ್ತು ಹಾನ್ಸ್ ಕ್ಲೆವರ್ಸ್ ತಂಡ 2009ರಲ್ಲಿ ಒಂದೇ ಕಾಂಡಕೋಶದಿಂದ ಕರುಳಿನ ಆರ್ಗನಾಯ್ಡ್ ಬೆಳೆಸಿ ತೋರಿಸಿದ ಮೇಲೆ ಎಲ್ಲರ ಗಮನ ಆ ಕಡೆ ಹೋಗಿದೆ. ಹೊಸ ಔಷಧಕ್ಕೆ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಲೇಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಕೊನೆಯಲ್ಲಿ ಕಾನೂನಿನಿಂದ ತೆಗೆದಿದ್ದೂ ಇದಕ್ಕೆ ಬಲ ಕೊಟ್ಟಿದೆ. ಎಳೆಯ, ಚಿಕ್ಕ ಆರ್ಗನಾಯ್ಡ್‌ಗಳು ನಮ್ಮ ಯಂತ್ರದಲ್ಲಿ ಚೆನ್ನಾಗಿ ಬರುತ್ತವೆ. ದಪ್ಪ ಹೆಚ್ಚಿದಂತೆ ಬೆಳಕು ಒಳಗೇ ಚದುರಿ ಚಿತ್ರ ಮಂಜಾಗುತ್ತದೆ. ಕೆಲವು ನೂರು ಮೈಕ್ರೋಮೀಟರ್ ದಪ್ಪದ ಸ್ಫೆರಾಯ್ಡ್‌ಗೆ, ಅದರಲ್ಲೂ ನಡುವೆ ಆಮ್ಲಜನಕ ಸಿಗದೆ ಸಾಯುತ್ತಿರುವ ಭಾಗ ನೋಡಲು, ಕಣ್ಣಿನ ಆಸ್ಪತ್ರೆಗಳಲ್ಲಿ ರೆಟಿನಾ ನೋಡುವ ಓಸಿಟಿ ತಂತ್ರವೇ ವಾಸಿ. ಕೋಶದೊಳಗಿನ ವಿವರ ಅದರಲ್ಲಿ ಸಿಗುವುದಿಲ್ಲ, ಆದರೆ ಒಳಗಿನ ಚಲನೆಯಿಂದ ಬೆಳಕು ಮಿನುಗುವುದನ್ನು ಅಳೆದು ಯಾವ ಭಾಗ ಚುರುಕಾಗಿದೆ, ಯಾವುದು ತಣ್ಣಗಾಗಿದೆ ಎಂದು ಹೇಳಬಹುದು.

ಡೇಟಾ ಬಗ್ಗೆ ಎರಡು ಮಾತು. ಮೂರು ಆಯಾಮ, ಅದರ ಮೇಲೆ ಸಮಯ, ಅದರ ಮೇಲೆ ಹತ್ತಾರು ವೆಲ್. ಡಿಸ್ಕ್ ತುಂಬುವ ವೇಗ ನೋಡಿಯೇ ಪ್ರಯೋಗ ಯೋಜಿಸಬೇಕು. ಕೋಶಗಳನ್ನು ಒಂದರಿಂದೊಂದು ಬಿಡಿಸಿ ಗುರುತಿಸಲು ಕೃತಕ ಬುದ್ಧಿಮತ್ತೆ ನಿಜಕ್ಕೂ ದೊಡ್ಡ ಸಹಾಯ, ಹೆಪ್-ಜಿ2 ಒಂದರ ಮೇಲೊಂದು ಗುಂಪಾಗಿ ಬೆಳೆಯುವುದರಿಂದ ಕೈಯಿಂದ ಗೆರೆ ಎಳೆದು ಮುಗಿಯುವ ಕೆಲಸ ಅಲ್ಲ ಅದು. ಬಣ್ಣವಿಲ್ಲದ ಚಿತ್ರ ಕೊಟ್ಟರೆ ಬಣ್ಣ ಹಾಕಿದ್ದರೆ ಹೇಗೆ ಕಾಣುತ್ತಿತ್ತು ಎಂದು ಬರೆದುಕೊಡುವ ವರ್ಚುವಲ್ ಸ್ಟೇನಿಂಗ್ ಕೂಡ 2018ರ ಹೊತ್ತಿನಿಂದ ಚೆನ್ನಾಗಿ ಬೆಳೆದಿದೆ. ಆರೋಗ್ಯವಾದ ಕೋಶಗಳಿಗೆ ಅದನ್ನು ಬಳಸುತ್ತೇನೆ. ಹೊಸ ಸಂಯುಕ್ತ ಹಾಕಿದ ವೆಲ್ಲಿಗೆ ಬಳಸುವುದಿಲ್ಲ. ಅಲ್ಲಿ ಕೋಶ ಹೇಗೆ ಕೆಡುತ್ತದೆ ಎಂದು ಯಾರೂ ನೋಡಿಲ್ಲ, ಆ ಮಾಡೆಲ್ ಕಲಿತ ಚಿತ್ರಗಳಲ್ಲೂ ಅದು ಇರಲಿಲ್ಲ. ಅದು ಬರೆದುಕೊಟ್ಟ ನ್ಯೂಕ್ಲಿಯಸ್ ನಂಬಿ ವಿಷ ಇದೆ, ಇಲ್ಲ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಗಾತ್ರ, ಸೂಚ್ಯಂಕ, ಒಣ ತೂಕ ಇವು ಅಳತೆಗಳು, ಅವುಗಳ ಮೇಲೆ ನಿಂತು ಮಾತಾಡಬಹುದು.

ಸದ್ಯಕ್ಕೆ ನಮ್ಮಲ್ಲಿ ಮೊದಲ ಸುತ್ತಿಗೆ ಎಟಿಪಿ ಅಳತೆಯೇ ಇದೆ, ಸಾವಿರಾರು ಸಂಯುಕ್ತಗಳನ್ನು ಜರಡಿ ಹಿಡಿಯಲು ಅಷ್ಟು ವೇಗ ಹೋಲೋಟೊಮೊಗ್ರಫಿಗೆ ಇಲ್ಲ. ಅಲ್ಲಿಂದ ಉಳಿದು ಬಂದವನ್ನು ಬಣ್ಣವಿಲ್ಲದೆ ನೋಡುತ್ತೇವೆ. ಮುಂದಿನ ಕೆಲಸ ಮನುಷ್ಯರ ಲಿವರಿನಿಂದಲೇ ತೆಗೆದ ಕೋಶಗಳ ಮೇಲೆ. ಹೆಪ್-ಜಿ2ನಲ್ಲಿ ಔಷಧವನ್ನು ಒಡೆಯುವ ಕಿಣ್ವಗಳು ಕಡಿಮೆ, ಹಾಗಾಗಿ ಒಡೆದ ಮೇಲೆ ವಿಷವಾಗುವ ಸಂಯುಕ್ತಗಳು ಅದರಲ್ಲಿ ತಪ್ಪಿಸಿಕೊಳ್ಳುತ್ತವೆ. ಮನುಷ್ಯರಿಂದ ತೆಗೆದ ಕೋಶಗಳಲ್ಲಿ ಎಷ್ಟೋ ಸಲ ಎರಡು ನ್ಯೂಕ್ಲಿಯಸ್ ಇರುತ್ತವೆ, ದಾನಿಯಿಂದ ದಾನಿಗೆ ಕೊಬ್ಬಿನ ಪ್ರಮಾಣ ಬೇರೆ, ಪ್ಲೇಟಿನಲ್ಲಿ ಅವು ವಿಭಜನೆಯನ್ನೂ ಅಷ್ಟಾಗಿ ಮಾಡುವುದಿಲ್ಲ. ಬೆಳವಣಿಗೆಯ ಗೆರೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕೊಬ್ಬಿನ ಮಿತಿಯನ್ನು ಪ್ರತಿ ದಾನಿಗೂ ಹೊಸದಾಗಿ ಗೊತ್ತುಮಾಡಬೇಕು. ಮೊದಲ ಪ್ಲೇಟಿಗೆ ಮಣಿಗಳು, ಓಲಿಯಿಕ್ ಆಮ್ಲ, ಒಂದು ಸಲದ ಬಾಡಿಪಿ ಬಣ್ಣ, ಇಷ್ಟನ್ನೇ ಇಟ್ಟುಕೊಂಡಿದ್ದೇವೆ. ಹೊಸ ಸಂಯುಕ್ತಗಳು ಅದಾದ ಮೇಲೆ.